ರಕ್ತದಲ್ಲಿ ಬಂದ ಪಿತ್ತಜನಕಾಂಗದ ಸುದ್ದಿ

ಮಳೆಗಾಲದಲ್ಲಿ ಜೋಯಿಡಾದ ಕಾಡಿನ ಹಳ್ಳಗಳು ಇದ್ದಕ್ಕಿದ್ದಂತೆ ಕೆಂಪಾಗುವುದನ್ನು ಅಲ್ಲಿಯ ಮಕ್ಕಳೆಲ್ಲ ನೋಡಿರುತ್ತಾರೆ. ನೀರು ಕೆಂಪಾದರೆ ಮೇಲೆಲ್ಲೋ ಮಣ್ಣು ಕೊಚ್ಚುತ್ತಿದೆ ಎಂದು ತಿಳಿಯುತ್ತದೆ. ಎಲ್ಲಿ, ಏಕೆ ಎಂಬುದನ್ನು ಮಾತ್ರ ಹತ್ತಿ ಹೋಗಿಯೇ ನೋಡಬೇಕು. ರಕ್ತಪರೀಕ್ಷೆಯ ವರದಿಯಲ್ಲಿ ಎಸ್‌ಜಿಪಿಟಿ, ಎಸ್‌ಜಿಓಟಿ ಏರಿದೆ ಎಂದು ಬಂದಾಗಲೂ ಹಾಗೆಯೇ.

ಇವೆರಡೂ ಕಿಣ್ವಗಳು. ಅಮೈನೋ ಆಮ್ಲಗಳ ಅಮೈನೋ ಗುಂಪನ್ನು ಒಂದು ಅಣುವಿನಿಂದ ಇನ್ನೊಂದಕ್ಕೆ ಸಾಗಿಸುವುದು ಇವುಗಳ ಕೆಲಸ. ಜೀವಕೋಶ ಗಟ್ಟಿಯಾಗಿದ್ದಾಗ ಇವು ಒಳಗೇ ಇರುತ್ತವೆ. ಕೋಶಕ್ಕೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತವೆ. ಹೃದಯಾಘಾತವಾದವರ ರಕ್ತದಲ್ಲಿ ಎಸ್‌ಜಿಓಟಿ ಏರುವುದನ್ನು ನ್ಯೂಯಾರ್ಕಿನ ಲಡ್ಯೂ, ರೊಬ್ಲೆವ್‌ಸ್ಕಿ ಮತ್ತು ಕಾರ್ಮೆನ್ 1954ರಲ್ಲಿ ಪ್ರಕಟಿಸಿದರು. ಪಿತ್ತಜನಕಾಂಗದ ಕಾಯಿಲೆ ತಿಳಿಯಲು ಈ ಪರೀಕ್ಷೆ ಬಳಕೆಗೆ ಬಂದದ್ದು ಆ ಬಳಿಕ. ಎಸ್‌ಜಿಓಟಿ ಸ್ನಾಯುಗಳಲ್ಲೂ ಇದೆ. ಆದ್ದರಿಂದ ಬಿರುಸಿನ ಕಬಡ್ಡಿ ಆಡಿದ ಮರುದಿನವೂ ಅದು ಏರಿರಬಹುದು. ಎಸ್‌ಜಿಪಿಟಿ ಮುಖ್ಯವಾಗಿ ಪಿತ್ತಜನಕಾಂಗದ್ದು.

ಹಳಿಯಾಳದ ಪಿಯುಸಿ ಹುಡುಗನೊಬ್ಬನ ಎಸ್‌ಜಿಪಿಟಿ 92 ಬಂತು ಎನ್ನಿ. ಬಹಳಷ್ಟು ಪ್ರಯೋಗಾಲಯಗಳಲ್ಲಿ ಮೇಲಿನ ಮಿತಿ ಲೀಟರಿಗೆ 40 ಯೂನಿಟ್‌ ಆಸುಪಾಸು. ತಾಯಿಗೆ ಗಾಬರಿ. ಪಕ್ಕದ ಮನೆಯವರು ನಾಟಿ ಔಷಧ ಎನ್ನುತ್ತಾರೆ, ಅಂಗಡಿಯವರು ಲಿವರ್ ಟಾನಿಕ್ ಕೊಡುತ್ತಾರೆ. ಬಲ್ಲ ವೈದ್ಯರು ಮೊದಲು ಪ್ರಶ್ನೆ ಕೇಳುತ್ತಾರೆ: ಜ್ವರ ಬಂದಿತ್ತೇ? ಯಾವ ಮಾತ್ರೆ ನುಂಗಿದ್ದಾನೆ? ಯಾವ ನೀರು ಕುಡಿಯುತ್ತಾನೆ? ತೂಕ ಎಷ್ಟು?

ಒಂದೊಂದು ಪ್ರಶ್ನೆಗೂ ಕಾರಣವಿದೆ. ಕೊಳಕು ನೀರಿನಿಂದ ಹೆಪಟೈಟಿಸ್ ಎ ಮತ್ತು ಇ ಹರಡುತ್ತವೆ. ಆಗ ಸಂಖ್ಯೆ ಸಾವಿರ ದಾಟುವುದೂ ಉಂಟು. ಇಲಿ ಜ್ವರ, ಡೆಂಗಿ, ಮಲೆನಾಡಿನ ಮಂಗನ ಕಾಯಿಲೆ ಇವುಗಳಲ್ಲೂ ಕಿಣ್ವ ಏರುತ್ತದೆ. ಕಾಡಂಚಿನ ಊರಿನವರು ತಾವು ಕಾಡಿಗೆ ಹೋಗಿದ್ದನ್ನು, ಗದ್ದೆಯ ಕೆಸರಿನಲ್ಲಿ ದುಡಿದಿದ್ದನ್ನು ವೈದ್ಯರಿಗೆ ಹೇಳಲೇಬೇಕು. ಜ್ವರವೇನೂ ಇಲ್ಲದ, ತೂಕ ಹೆಚ್ಚಿದ ಹುಡುಗನಾದರೆ ಪಿತ್ತಜನಕಾಂಗದಲ್ಲಿ ಕೊಬ್ಬು ಸೇರಿರುವ ಸಂಭವವೇ ಹೆಚ್ಚು. ಇದು ಕುಡಿಯದವರಿಗೂ ಬರುತ್ತದೆ. ಇದಕ್ಕೆ ಬಾಟಲಿ ಔಷಧಕ್ಕಿಂತ ನಿತ್ಯದ ಓಡಾಟ, ತಂಪು ಪಾನೀಯ ಮತ್ತು ಕರಿದ ತಿಂಡಿಗೆ ಕಡಿವಾಣವೇ ಮದ್ದು.

ಹೆಪಟೈಟಿಸ್ ಬಿ ಬೇರೆ ಬಗೆಯದು. ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಇದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಹರಡುತ್ತದೆಯೇ ಹೊರತು ಜೊತೆಗೆ ಕುಳಿತು ಉಂಡರೆ ಅಲ್ಲ. ದಾಂಡೇಲಿಯ ಕಾರ್ಮಿಕರ ಮನೆಯಿರಲಿ, 1966ರಿಂದ ಟಿಬೆಟನ್ನರು ನೆಲೆಸಿರುವ ಮುಂಡಗೋಡಿನ ವಸತಿಯಿರಲಿ, ರೋಗಿಯ ತಟ್ಟೆ ಲೋಟ ಬೇರೆ ಇಡುವ ಅಗತ್ಯವಿಲ್ಲ. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆ ಹಾಕಿಸುವುದು ಮಾತ್ರ ಅಗತ್ಯ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ರೋಗಗಳ ಪರೀಕ್ಷೆ, ಔಷಧಿ ಉಚಿತ.

ನಾಟಿ ಔಷಧದ ಮಾತಿಗೆ ಬರೋಣ. ಹೆಪಟೈಟಿಸ್ ಎ ಬಹುತೇಕ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಕೀರ್ತಿ ಮಾತ್ರ ಆಗ ಕುಡಿದ ಕಷಾಯಕ್ಕೆ ಸಲ್ಲುತ್ತದೆ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಪಿತ್ತಜನಕಾಂಗಕ್ಕೆ ಹಾನಿಯಾದುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು; ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಈಗಾಗಲೇ ನೊಂದಿರುವ ಅಂಗದ ಮೇಲೆ ಗೊತ್ತಿಲ್ಲದ ಬೇರು, ಸೊಪ್ಪುಗಳ ಪ್ರಯೋಗ ಸಲ್ಲದು.

ಕ್ಷಯರೋಗದ ಮಾತ್ರೆ ನುಂಗುವವರಲ್ಲೂ ಕಿಣ್ವ ಏರಬಹುದು. ಅಲ್ಪ ಏರಿಕೆಗೆ ಹೆದರಿ ತಾವೇ ಮಾತ್ರೆ ನಿಲ್ಲಿಸಿದರೆ ರೋಗಾಣು ಔಷಧಿಗೆ ಬಗ್ಗದಂತಾಗುತ್ತದೆ. ವಾಂತಿ, ಕಾಮಾಲೆ ಕಂಡರೆ ಅಂದೇ ವೈದ್ಯರಿಗೆ ತಿಳಿಸಿ. ನಿಲ್ಲಿಸಬೇಕೇ ಬೇಡವೇ ಎಂಬುದನ್ನು ಅವರು ನಿರ್ಧರಿಸಲಿ.

ಕೊನೆಯದಾಗಿ ಒಂದು ಎಚ್ಚರಿಕೆ. ಕಿಣ್ವದ ಸಂಖ್ಯೆ ಸೋರಿಕೆಯನ್ನು ತೋರಿಸುತ್ತದೆ, ಅಂಗದ ಶಕ್ತಿಯನ್ನಲ್ಲ. ಹಳೆಯ ಕುಡಿತದಿಂದ ಕಲ್ಲಿನಂತಾದ ಪಿತ್ತಜನಕಾಂಗದಲ್ಲಿ ಅದು ಸಹಜ ಮಟ್ಟದಲ್ಲೇ ಇರಬಹುದು. ಅಂಗದ ಶಕ್ತಿಯನ್ನು ತಿಳಿಯಲು ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ ಇವುಗಳನ್ನೂ ನೋಡಬೇಕು. ಕಣ್ಣು ಹಳದಿಯಾಗಿ ಮಂಪರು ಕವಿದರೆ, ರಕ್ತಸ್ರಾವವಾದರೆ, ಗರ್ಭಿಣಿಗೆ ಕಾಮಾಲೆ ಕಂಡರೆ ಒಂದು ದಿನವೂ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಇವಾವುವೂ ಇಲ್ಲದಿದ್ದರೆ ವರದಿಯನ್ನು ಜೋಪಾನವಾಗಿಟ್ಟು, ವೈದ್ಯರು ಹೇಳಿದ ದಿನ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟಾಗ ಹಳ್ಳ ತಿಳಿಯಾಗುತ್ತಿದೆಯೇ, ಇನ್ನೂ ಕೆಂಪಾಗುತ್ತಿದೆಯೇ ಎಂಬುದು ಕಾಣುತ್ತದೆ.