ಆಯಿಲ್ ಕಡ್ಡಿ ಯಾರ ಕೈಗೆ?

ಮಳವಳ್ಳಿಯಲ್ಲಿ ಕಬ್ಬು ಹೊರುವ ನಮ್ಮ ಹಳೇ ಲಾರಿಯ ರೇಡಿಯೇಟರಿನಲ್ಲಿ ದಿನವೂ ನೀರು ಇಳಿಯುತ್ತಿತ್ತು. ನೆಲದ ಮೇಲೆ ಒಂದು ಹನಿಯೂ ಇಲ್ಲ. ಆಯಿಲ್ ಕಡ್ಡಿ ಎಳೆದರೆ ಹಾಲು ಬೆರೆಸಿದ ಕಾಫಿಯ ಬಣ್ಣ! ಆಯಿಲ್‌ಗೆ ನೀರು ಸೇರಿದೆ, ಹೀಗೇ ಓಡಿಸಿದರೆ ಬೇರಿಂಗ್ ಹೋಗುತ್ತದೆ ಎಂದೆ.

"ಅಕ್ಕಾ, ಹೆಂಗಸರಿಗೆ ಇದೆಲ್ಲ ಗೊತ್ತಾಗಕ್ಕಿಲ್ಲ. ಇಂಜಿನ್ ಪೂರ್ತಿ ಬಿಚ್ಚಲೇಬೇಕು" ಎಂದ ಮೆಕ್ಯಾನಿಕ್. ನಮ್ಮವರು ನನ್ನ ಬಳೆ ನೋಡಿದರು.

ಅಡವಿಡುವ ಮೊದಲು ಪರೀಕ್ಷೆಯಾಗಲಿ ಎಂದು ಹಟ ಹಿಡಿದೆ. ಸಂಪ್ ಇಳಿಸಿ, ರೇಡಿಯೇಟರಿಗೆ ಗಾಳಿ ಒತ್ತಿಸಿದೆವು. ಲೈನರ್‌ಗಳ ಬುಡ ಒಣಗಿತ್ತು. ಹೆಡ್ ಗ್ಯಾಸ್ಕೆಟ್ಟೂ ಅಲ್ಲ. ತೂತಾಗಿದ್ದುದು ಆಯಿಲ್ ಕೂಲರ್. ಅದನ್ನು ಬದಲಿಸಿ, ಕೆಟ್ಟ ಆಯಿಲ್ ಚೆಲ್ಲಿ ಹೊಸದು ಹಾಕಿದ್ದೇ ಸಾಕಾಯಿತು.

ಸಾಲಕ್ಕೆ ನಮ್ಮ ಬಳೆ ಬೇಕು, ಇಂಜಿನ್ ನೋಡಲು ನಮ್ಮ ಕಣ್ಣು ಬೇಡವೇ? ಹಾಲಿಗೆ ನೀರು ಬೆರೆತರೆ ನೋಡಿದೊಡನೆ ಹೇಳುವವರು ನಾವು. ಕಡ್ಡಿ ನಮ್ಮ ಕೈಗೂ ಬರಲಿ.