ಲೇಸರ್ ಮುಗಿದ ಮೇಲೆ ಕೈಗೆ ಬರುವ ಚೀಟಿ

ಕನ್ನಡಕ ಬಿಡಿಸುವ ಲೇಸರ್ ಶಸ್ತ್ರಚಿಕಿತ್ಸೆ ಎರಡೂ ಕಣ್ಣುಗಳಿಗೆ ಸೇರಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ರೋಗಿಯು ಅದೇ ದಿನ ಮನೆಗೆ ಮರಳುತ್ತಾನೆ. ಆದುದರಿಂದಲೇ ಇದನ್ನು ಹಲ್ಲು ಕೀಳಿಸಿದಷ್ಟೇ ಸಣ್ಣ ಕೆಲಸವೆಂದು ಎಣಿಸುವವರು ಬಹಳ. ವಾಸ್ತವದಲ್ಲಿ ವೈದ್ಯರ ಕೆಲಸ ಅರ್ಧ ಗಂಟೆಯದಾದರೆ ರೋಗಿಯ ಕೆಲಸ ಹಲವು ತಿಂಗಳುಗಳದು. ಆ ತಿಂಗಳುಗಳಿಗೆ ಬೇಕಾದ ಸೂಚನೆಗಳೆಲ್ಲ ಆಸ್ಪತ್ರೆಯವರು ಕೊಡುವ ಒಂದು ಚೀಟಿಯಲ್ಲಿರುತ್ತವೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡ ಮನೆಗಳಿಗೆ ಈ ಚೀಟಿ ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಬಂದು ಸೇರುತ್ತದೆ. ಅದರ ಅರ್ಥ ತಿಳಿಯದೆ ಕಣ್ಣನ್ನು ಕಾಯುವುದು ಕಷ್ಟ. ತಿಳಿಯುವ ಭಾಷೆಯಲ್ಲಿ ಅದನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು.

ಮೊದಲು ಕಣ್ಣಿನಲ್ಲಿ ನಡೆದದ್ದೇನೆಂಬುದನ್ನು ತಿಳಿಯಬೇಕು. ಮದ್ರಾಸು ಮೂಲದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಹಾಗೂ ಅವರ ಸಂಗಡಿಗರು 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಎಕ್ಸೈಮರ್ ಲೇಸರ್ ಕಿರಣವು ಸುತ್ತಲಿನ ಭಾಗವನ್ನು ಸುಡದೆ ಅಂಗಾಂಶವನ್ನು ನವಿರಾಗಿ ಕೆತ್ತಬಲ್ಲದೆಂದು ಕಂಡುಕೊಂಡರು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾವನ್ನು ಇದೇ ಕಿರಣದಿಂದ ತಿದ್ದಲಾಗುತ್ತದೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಲೇಸಿಕ್ ವಿಧಾನದಲ್ಲಿ ಕಾರ್ನಿಯಾದ ಮೇಲ್ಪದರವನ್ನು ಪುಸ್ತಕದ ಹಾಳೆಯಂತೆ ಒಂದು ಕಡೆಗೆ ಮಗುಚಿ, ಒಳಭಾಗವನ್ನು ಕೆತ್ತಿ, ಪದರವನ್ನು ಮರಳಿ ಮುಚ್ಚುತ್ತಾರೆ. ಹೊಲಿಗೆ ಹಾಕುವುದಿಲ್ಲ. ಪಿಆರ್‌ಕೆ ವಿಧಾನದಲ್ಲಿ ಪದರವನ್ನು ಮಗುಚದೆ, ಹೊರಚರ್ಮದಂತಿರುವ ತೆಳು ಪೊರೆಯನ್ನು ತೆಗೆದು ಕೆತ್ತುತ್ತಾರೆ. ಆ ಪೊರೆ ಮತ್ತೆ ಬೆಳೆಯುವವರೆಗೆ ಕೆಲವು ದಿನ ರಕ್ಷಣೆಯ ಲೆನ್ಸ್ ಇರಿಸುತ್ತಾರೆ.

ಎರಡರ ಚೇತರಿಕೆಯೂ ಒಂದೇ ಬಗೆಯದಲ್ಲ. ಲೇಸಿಕ್ ಆದವರಿಗೆ ಮರುದಿನವೇ ದೃಷ್ಟಿ ಬಹುಮಟ್ಟಿಗೆ ತಿಳಿಯಾಗಬಹುದು. ಪಿಆರ್‌ಕೆ ಆದವರಿಗೆ ಮೊದಲ ಮೂರು ನಾಲ್ಕು ದಿನ ಉರಿ, ನೀರು ಸುರಿಯುವುದು, ಬೆಳಕು ತಾಳದಿರುವುದು ಸಹಜ. ದೃಷ್ಟಿ ನಿಲ್ಲಲು ವಾರಗಳೇ ಬೇಕು. ಪಕ್ಕದ ಮನೆಯವರಿಗೆ ಮರುದಿನವೇ ಕಂಡಿತೆಂದು ಕೇಳಿ ಹೆದರುವವರು ತಮಗಾದ ವಿಧಾನ ಯಾವುದೆಂದು ಮೊದಲು ವಿಚಾರಿಸಬೇಕು. ಇದಲ್ಲದೆ ಕಾರ್ನಿಯಾದ ಸೂಕ್ಷ್ಮ ನರಗಳಿಗೆ ಪೆಟ್ಟಾಗುವುದರಿಂದ ಕಣ್ಣು ಒಣಗಿದಂತಾಗುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ. ರಾತ್ರಿ ದೀಪಗಳ ಸುತ್ತ ಬೆಳಕಿನ ಬಳೆಗಳು ಕಾಣಿಸುತ್ತವೆ. ಬಹುತೇಕರಲ್ಲಿ ಇವು ಮೂರರಿಂದ ಆರು ತಿಂಗಳಲ್ಲಿ ತಗ್ಗುತ್ತವೆ, ಕೆಲವರಲ್ಲಿ ಉಳಿಯಲೂಬಹುದು.

ಇನ್ನು ಚೀಟಿಯ ಮಾತು. ಅದರಲ್ಲಿ ಓಡಿ ಅಥವಾ ಆರ್‌ಇ ಎಂದಿದ್ದರೆ ಬಲಗಣ್ಣು, ಓಎಸ್ ಅಥವಾ ಎಲ್‌ಇ ಎಂದಿದ್ದರೆ ಎಡಗಣ್ಣು. ಬಿಡಿ ಎಂದರೆ ದಿನಕ್ಕೆ ಎರಡು ಸಲ, ಟಿಡಿಎಸ್ ಎಂದರೆ ಮೂರು ಸಲ, ಕ್ಯುಐಡಿ ಎಂದರೆ ನಾಲ್ಕು ಸಲ, ಎಚ್‌ಎಸ್ ಎಂದರೆ ಮಲಗುವ ಹೊತ್ತಿಗೆ. ಸಾಮಾನ್ಯವಾಗಿ ಮೂರು ಬಗೆಯ ಹನಿಗಳಿರುತ್ತವೆ: ಸೋಂಕು ತಡೆಯುವುದು, ಊತ ಇಳಿಸುವ ಸ್ಟೀರಾಯ್ಡ್, ಮತ್ತು ಕಣ್ಣೀರಿನಂತೆ ತೇವ ಕೊಡುವುದು. ಒಂದು ಹನಿಗೂ ಇನ್ನೊಂದಕ್ಕೂ ನಡುವೆ ಐದು ನಿಮಿಷವಾದರೂ ಅಂತರ ಬೇಕು; ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಹಾಕುತ್ತದೆ. ಸ್ಟೀರಾಯ್ಡ್ ಹನಿಯನ್ನು ವೈದ್ಯರು ಬರೆದ ಕ್ರಮದಲ್ಲೇ ಇಳಿಸುತ್ತ ನಿಲ್ಲಿಸಬೇಕು. ಹಾಯೆನಿಸುತ್ತದೆಂದು ಔಷಧ ಅಂಗಡಿಯಲ್ಲಿ ಅದನ್ನೇ ಮತ್ತೆ ಮತ್ತೆ ಕೊಂಡು ಹಾಕಿಕೊಂಡರೆ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರಕ್ಕೇ ಹಾನಿಯಾದೀತು.

ಈ ಭಾಗದ ಬದುಕಿನಲ್ಲಿ ಕಣ್ಣಿಗೆ ದೊಡ್ಡ ಶತ್ರು ಧೂಳು. ಜೋಳ, ತೊಗರಿಯ ರಾಶಿಯ ದಿನಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಕಣದ ಕಡೆಗೆ ಹೋಗದಿರುವುದು ಲೇಸು. ಸೊಲ್ಲಾಪುರದ ಗಡ್ಡೆಯ ಜಾತ್ರೆಯ ನೂಕುನುಗ್ಗಲು, ಭಂಡಾರ ಎರಚುವ ಉತ್ಸವಗಳು, ರಂಗಪಂಚಮಿಯ ಬಣ್ಣ, ಇವೆಲ್ಲದರಿಂದ ಆ ವರ್ಷದ ಮಟ್ಟಿಗೆ ದೂರವಿರಬೇಕು. ಕಾಡಿಗೆ ಹಚ್ಚಬಾರದು. ತಲೆಗೆ ನೀರು ಹಾಕಿಕೊಳ್ಳುವುದು, ಬಾವಿಯಲ್ಲಿ ಈಜುವುದು ವೈದ್ಯರು ಹೇಳುವವರೆಗೆ ಬೇಡ. ಎಲ್ಲಕ್ಕಿಂತ ಮಿಗಿಲಾಗಿ ಕಣ್ಣು ಉಜ್ಜಬಾರದು, ಏಕೆಂದರೆ ಮುಚ್ಚಿದ ಪದರ ಸರಿದೀತು. ನಿದ್ದೆಯಲ್ಲಿ ಕೈ ತಾನಾಗಿ ಕಣ್ಣಿಗೆ ಹೋಗುವುದರಿಂದಲೇ ರಾತ್ರಿ ಕಟ್ಟಿಕೊಳ್ಳಲು ಪ್ಲಾಸ್ಟಿಕ್ಕಿನ ಮುಚ್ಚಳ ಕೊಡುತ್ತಾರೆ. ಹೊಲದ ಕೆಲಸ, ಬೈಕ್ ಓಡಿಸುವುದು ಯಾವಾಗಿನಿಂದ ಎಂಬುದನ್ನು ಕೇಳಿ ಬರೆಸಿಕೊಳ್ಳಬೇಕು. ನೋವು ಇಳಿಯುವ ಬದಲು ಏರುತ್ತಿದ್ದರೆ, ಕೆಂಪು ಹೆಚ್ಚಿದರೆ, ಪಿಸುರು ಕಟ್ಟಿದರೆ, ಕಾಣುತ್ತಿದ್ದುದು ಮಸುಕಾದರೆ ಅಥವಾ ಕಣ್ಣಿಗೆ ಪೆಟ್ಟು ಬಿದ್ದರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ಅಂದೇ ಆಸ್ಪತ್ರೆಗೆ ಧಾವಿಸಬೇಕು.

ಇಷ್ಟನ್ನೂ ರೋಗಿಗೆ ತಿಳಿಸಿ ಹೇಳುವುದು ಆಸ್ಪತ್ರೆಯವರ ಉಪಕಾರವೇನಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪಿನ ಪ್ರಕಾರ, ಚಿಕಿತ್ಸೆಯ ಸ್ವರೂಪ, ಉದ್ದೇಶ, ಲಾಭ, ಮುಖ್ಯ ಅಪಾಯಗಳು ಮತ್ತು ಬೇರೆ ದಾರಿಗಳನ್ನು ತಿಳಿಸಿದ ಮೇಲೆ ಪಡೆದ ಸಮ್ಮತಿಯೇ ನಿಜವಾದ ಸಮ್ಮತಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದು, ಮಾಹಿತಿಯನ್ನು ರೋಗಿಗೆ ತಿಳಿದ ಭಾಷೆಯಲ್ಲಿ ವಿವರಿಸಬೇಕೆನ್ನುತ್ತದೆ. ಆದುದರಿಂದ ಸಮ್ಮತಿಪತ್ರವನ್ನು ಕೌಂಟರಿನಲ್ಲಿ ಅವಸರದಿಂದ ಸಹಿಗಾಗಿ ಮುಂದಿಟ್ಟಾಗ ರೋಗಿಯು ಸಮಯ ಕೇಳಬಹುದು, ಕನ್ನಡ ಬಲ್ಲ ಸಿಬ್ಬಂದಿಯಿಂದ ಓದಿಸಬಹುದು, ಜೊತೆಗೆ ಬಂದ ಬಂಧುವಿನಿಂದ ಹೇಳಿಸಿಕೊಳ್ಳಬಹುದು. ಸಹಿಯ ಕೆಳಗೆ ಕನ್ನಡದಲ್ಲಿ ವಿವರಿಸಲಾಗಿದೆ ಎಂದು ಬರೆಸಿಕೊಂಡರೆ ಎರಡೂ ಪಕ್ಷಕ್ಕೆ ಒಳಿತು. ವಿವರಿಸದಿದ್ದರೆ ಹಾಗೆ ಬರೆಯಲು ಒಪ್ಪಬಾರದು.

ಸಹಿಗೆ ಮುನ್ನ ಇನ್ನೂ ಮೂರು ಮಾತು ವಿಚಾರಿಸಬೇಕು. ಮೊದಲನೆಯದು ನೌಕರಿ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಲೇಸಿಕ್ ಮಾಡಿಸಿಕೊಂಡವರು ಅರ್ಹರಲ್ಲ. ಸೇನೆ, ಪೊಲೀಸ್ ಭರತಿಗೆ ಸಿದ್ಧರಾಗುವ ತರುಣರು ಆಯಾ ಅಧಿಸೂಚನೆಯ ವೈದ್ಯಕೀಯ ನಿಯಮವನ್ನು ಓದಿದ ಮೇಲೆಯೇ ಹಣ ಕಟ್ಟಬೇಕು. ಎರಡನೆಯದು ವಿಮೆ. ಆರೋಗ್ಯ ವಿಮೆಯ ಮಾದರಿ ಷರತ್ತುಗಳ ಪ್ರಕಾರ 7.5 ಡಯಾಪ್ಟರಿಗಿಂತ ಕಡಿಮೆ ನಂಬರಿನ ದೃಷ್ಟಿದೋಷ ತಿದ್ದುವ ವೆಚ್ಚ ಸಿಗುವುದಿಲ್ಲ. ಮೂರನೆಯದು ವಯಸ್ಸು. ಹದಿನೆಂಟು ತುಂಬುವ ಮುನ್ನ, ನಂಬರು ಒಂದು ವರ್ಷವಾದರೂ ನಿಲ್ಲುವ ಮುನ್ನ ಇದು ತಕ್ಕುದಲ್ಲ. ನಲವತ್ತರ ಆಸುಪಾಸಿನಲ್ಲಿ ಓದಲು ಬೇಕಾಗುವ ಚಾಳೀಸನ್ನು ದೂರದ ದೃಷ್ಟಿ ತಿದ್ದುವ ಲೇಸರ್ ತಪ್ಪಿಸುವುದಿಲ್ಲ.

ಮುಂದೆ ತೊಂದರೆಯಾದರೆ ಕಾಗದಪತ್ರವೇ ಆಧಾರ. 2002ರ ವೈದ್ಯಕೀಯ ನಡವಳಿಕೆಯ ನಿಯಮಗಳ ಪ್ರಕಾರ, ರೋಗಿಯು ದಾಖಲೆ ಕೇಳಿದರೆ 72 ಗಂಟೆಯೊಳಗೆ ಒದಗಿಸಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಅಳೆದ ನಂಬರು, ಕಾರ್ನಿಯಾದ ದಪ್ಪ ಮತ್ತು ಆಕಾರದ ನಕ್ಷೆ, ಸಮ್ಮತಿಪತ್ರದ ಪ್ರತಿ, ರಸೀದಿ ಇವನ್ನು ಅಂದೇ ಕೇಳಿ ಪಡೆಯುವುದು ಜಾಣತನ. ಮುಂದೆಂದಾದರೂ ಪೊರೆಯ ಶಸ್ತ್ರಚಿಕಿತ್ಸೆ ಬೇಕಾದಾಗ ಒಳಲೆನ್ಸಿನ ಅಳತೆಗೂ ಇವು ಬೇಕಾಗುತ್ತವೆ. ಕಣ್ಣು ಒಣಗುವುದು, ರಾತ್ರಿ ಬೆಳಕಿನ ಬಳೆ ಕಾಣುವುದು ತಮ್ಮಷ್ಟಕ್ಕೆ ವೈದ್ಯರ ನಿರ್ಲಕ್ಷ್ಯವಾಗುವುದಿಲ್ಲ. ಆದರೆ ಆ ಸಂಭವವನ್ನು ಮೊದಲೇ ತಿಳಿಸದಿದ್ದರೆ, ತಪಾಸಣೆಯಿಲ್ಲದೆ ಮಾಡಿದ್ದರೆ ಮಾತು ಬೇರೆ. ಹಣ ತೆಗೆದುಕೊಂಡು ಚಿಕಿತ್ಸೆ ಮಾಡಿದ ಆಸ್ಪತ್ರೆಯ ಸೇವಾಲೋಪದ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಸರ್ಕಾರಿ ಆಸ್ಪತ್ರೆಯ ಕುಂದುಕೊರತೆಯನ್ನು ಅಧಿಕಾರಿಗಳಿಗೆ ಕನ್ನಡದಲ್ಲೇ ಬರೆದು ಕೊಡಬಹುದು. ಸಂವಿಧಾನದ 350ನೆಯ ಅನುಚ್ಛೇದವು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ.

ಹಕ್ಕಿನ ಜೊತೆಗೆ ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ಆಸ್ಪತ್ರೆಯಿಂದ ಹೊರಡುವ ಮುನ್ನ ವೈದ್ಯರಿಂದಲೋ ದಾದಿಯಿಂದಲೋ ಪ್ರತಿಯೊಂದು ಹನಿಯ ಹೆಸರು, ಮುಚ್ಚಳದ ಬಣ್ಣ, ಹೊತ್ತು, ಎಷ್ಟು ದಿನ ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಆ ವಿವರವನ್ನು ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆಯ ಮಗುವೂ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬಲ್ಲದು, ಹನಿ ಹಾಕಿದಾಗಲೆಲ್ಲ ಗುರುತು ಹಾಕಬಲ್ಲದು. ಮೊದಲ ವಾರ ಕಣ್ಣು ಮಂಜಾಗಿರುವ ಅಣ್ಣನಿಗೋ ಅಕ್ಕನಿಗೋ ಹನಿಯ ಹೊತ್ತನ್ನು ನೆನಪಿಸಲು ಮನೆಯ ಮಗುವಿಗಿಂತ ಒಳ್ಳೆಯ ಆಳು ಸಿಗುವುದಿಲ್ಲ.