ಎರಡು ಕಣ್ಣು, ಒಂದು ನೆಲ

2018ರ ಆಗಸ್ಟ್ ತಿಂಗಳಿನಲ್ಲಿ ಕೇರಳವು ಮಹಾಪೂರಕ್ಕೆ ಸಿಕ್ಕಿ ತತ್ತರಿಸಿತು. ಯಾವ ಊರು ಮುಳುಗಿದೆ, ಯಾವ ದಾರಿ ಉಳಿದಿದೆ ಎಂಬುದನ್ನು ಆಗಸದಿಂದ ನೋಡಿ ತಿಳಿಯಬೇಕಾದ ಹೊತ್ತಿನಲ್ಲಿಯೇ ಮೋಡಗಳು ನಾಡಿಗೆ ತೆರೆ ಎಳೆದಿದ್ದವು. ಬಿಸಿಲಿನ ಬೆಳಕನ್ನು ನಂಬಿ ಚಿತ್ರ ತೆಗೆಯುವ ಉಪಗ್ರಹಕ್ಕೆ ಅಂತಹ ತೆರೆಯ ಮೇಲ್ಮೈಯಲ್ಲದೆ ಬೇರೇನೂ ಕಾಣದು.

ಇಂತಹ ವೇಳೆಯಲ್ಲಿ ನೆರವಾಗುವುದು ರೇಡಾರ್ ಉಪಗ್ರಹ. ಯುರೋಪಿನವರ ಸೆಂಟಿನೆಲ್-1 ಸುಮಾರು 5.5 ಸೆಂಟಿಮೀಟರ್ ಉದ್ದದ ಅಲೆಗಳನ್ನು ತಾನೇ ನೆಲಕ್ಕೆ ಕಳುಹಿಸಿ, ಮರಳಿ ಬಂದ ಮಾರ್ದನಿಯಿಂದ ಚಿತ್ರ ರಚಿಸುತ್ತದೆ. ಅದಕ್ಕೆ ಮೋಡವೂ ಅಡ್ಡಿಯಲ್ಲ, ಇರುಳೂ ಅಡ್ಡಿಯಲ್ಲ. ನಿಶ್ಚಲವಾದ ನೀರು ಕನ್ನಡಿಯಂತೆ ಅಲೆಗಳನ್ನು ಆಚೆಗೆ ಹಾರಿಸುವುದರಿಂದ ಚಿತ್ರದಲ್ಲಿ ಕಪ್ಪಾಗಿ ತೋರುತ್ತದೆ. ಆದರೆ ಆ ಕಪ್ಪಿನಲ್ಲಿ ಹಳೆಯ ಕೆರೆ ಯಾವುದು, ಹೊಸ ನೆರೆ ಯಾವುದು? ಅದನ್ನು ಅರಿಯುವ ಒಂದು ಬಗೆಯೆಂದರೆ, ಮಳೆಗೆ ಮುಂಚೆ ಸೆಂಟಿನೆಲ್-2 ಬಿಸಿಲಿನಲ್ಲಿ ತೆಗೆದ ಚಿತ್ರದ ಮೇಲೆ ಇದನ್ನು ಹೊಂದಿಸಿ ಇಡುವುದು.

ತೊಡಕಿರುವುದು ಇಲ್ಲಿಯೇ. ಒಣ ಮರಳಿನ ಹಾಸು ಬಿಸಿಲಿನ ಚಿತ್ರದಲ್ಲಿ ಬೆಳ್ಳಗಿದ್ದರೆ, ರೇಡಾರಿನಲ್ಲಿ ಕಪ್ಪಗಿರುತ್ತದೆ. ಅಷ್ಟೇ ಅಲ್ಲ, ರೇಡಾರ್ ಓರೆಯಾಗಿ ನೋಡಿ ದೂರವನ್ನು ಅಳೆಯುವ ಕಣ್ಣು. ಬೆಟ್ಟದ ನೆತ್ತಿಯ ಮಾರ್ದನಿ ಬುಡದ ಮಾರ್ದನಿಗಿಂತ ಮೊದಲೇ ಬಂದುಬಿಟ್ಟರೆ, ಬೆಟ್ಟವೇ ಉಪಗ್ರಹದ ಕಡೆಗೆ ವಾಲಿದಂತೆ ಚಿತ್ರ ಮೂಡುತ್ತದೆ.

ಆದುದರಿಂದ ಮೊದಲು ನೆಲದ ಎತ್ತರ ತಗ್ಗುಗಳ ನಕ್ಷೆಯ ಸಹಾಯದಿಂದ ಈ ವಾಲುವಿಕೆಯನ್ನು ಆದಷ್ಟು ತಿದ್ದುತ್ತಾರೆ. ತರುವಾಯ ಗಣಕಯಂತ್ರವು ಒಂದು ಚಿತ್ರವನ್ನು ಮತ್ತೊಂದರ ಮೇಲೆ ಅಷ್ಟಷ್ಟೇ ಸರಿಸುತ್ತ ಹೋಗುತ್ತದೆ. ಎರಡರ ಬಣ್ಣ ಒಂದೇ ಆಗಿದೆಯೇ ಎಂದು ಅದು ಕೇಳುವುದಿಲ್ಲ. ಕಸೂತಿಯ ಸೀರೆಯ ಹೊರಮೈ ಒಳಮೈಗಳ ಅಂದ ಬೇರೆಯಾದರೂ, ಇಲ್ಲಿ ಹೂವಿದ್ದೆಡೆ ಅಲ್ಲಿಯೂ ಎಳೆಗಳ ಗುರುತು ಇದ್ದೇ ಇರುತ್ತದೆಯಷ್ಟೆ! ಅಂತಹ ನಂಟು ಯಾವ ಸ್ಥಾನದಲ್ಲಿ ಅತ್ಯಂತ ಬಿಗಿಯಾಗುವುದೋ ಅದೇ ಸರಿಯಾದ ಹೊಂದಿಕೆ. 1990ರ ದಶಕದಲ್ಲಿ ವೈದ್ಯರಿಗಾಗಿ, ಒಂದೇ ತಲೆಯ ಸಿ.ಟಿ. ಮತ್ತು ಎಂ.ಆರ್.ಐ. ಚಿತ್ರಗಳನ್ನು ಕೂಡಿಸಲು ಬೆಳೆಸಿದ ಉಪಾಯವಿದು. ರೋಗಿಯ ತಲೆಗೆ ಒದಗಿದ್ದು ಭೂಮಿಯ ಮೈಗೂ ಒದಗಿತು.

ಇಷ್ಟೊಂದು ಸೂಕ್ಷ್ಮವೇಕೆ? ಈ ಚಿತ್ರಗಳ ಒಂದೊಂದು ಚುಕ್ಕೆಯೂ ಸಾಮಾನ್ಯವಾಗಿ ನೆಲದ ಮೇಲೆ 10 ಮೀಟರಿನ ಚೌಕ. ಮೂರು ಚುಕ್ಕೆ ಜಾರಿದರೆ 30 ಮೀಟರ್. ಹೊಳೆಯ ದಂಡೆಯಲ್ಲಿ ಅಷ್ಟು ಸಾಕು: ಒಣಗಿರುವ ಬೀದಿ ನಕ್ಷೆಯಲ್ಲಿ ನೀರಿಗೆ ಬೀಳುತ್ತದೆ, ಮುಳುಗಿದ ಮನೆ ಕ್ಷೇಮವಾಗಿರುವಂತೆ ತೋರುತ್ತದೆ. ಆ ಮನೆಯ ಮಾಡಿನ ಮೇಲೆ ಕುಳಿತು ದೋಣಿಯ ದಾರಿ ಕಾಯುವವರಿಗೆ ಆ ಮೂರು ಚುಕ್ಕೆಗಳು ಚಿಕ್ಕವಲ್ಲ.